ಇಆರ್‌ಪಿ ತಂತ್ರಾಂಶಕ್ಕೆ ನಮ್ಮದೇ ಡೊಮೇನ್‌ನ ಹೊರಹೋಗುವ ಮೇಲ್ ಸರ್ವರ್ ಜೋಡಿಸುವುದು: ಇನ್ವಾಯ್ಸ್‌ಗಳು ಗ್ರಾಹಕರಿಗೆ ತಲುಪುತ್ತಿಲ್ಲ

ಉದ್ಯಮಬಾಗ ಲೆಕ್ಕವಿಭಾಗ

ಎಲ್ಲರಿಗೂ ನಮಸ್ಕಾರ. ಬೆಳಗಾವಿಯ ಉದ್ಯಮಬಾಗದಲ್ಲಿರುವ ಒಂದು ಫೌಂಡ್ರಿಯ ಲೆಕ್ಕವಿಭಾಗವನ್ನು ನಾನು ನೋಡಿಕೊಳ್ಳುತ್ತೇನೆ. ಕಚೇರಿಯಲ್ಲೇ ಇರುವ ಒಂದು ಲಿನಕ್ಸ್ ಯಂತ್ರದ ಮೇಲೆ ಇಆರ್‌ಪಿನೆಕ್ಸ್ಟ್, ಅಂದರೆ ಲೆಕ್ಕ, ಖರೀದಿ, ಮಾರಾಟ ಎಲ್ಲವನ್ನೂ ಒಂದೆಡೆ ನೋಡಿಕೊಳ್ಳುವ ಇಆರ್‌ಪಿ ತಂತ್ರಾಂಶ, ನಡೆಯುತ್ತದೆ. ಇನ್ವಾಯ್ಸ್, ಪರ್ಚೇಸ್ ಆರ್ಡರ್, ತಪಾಸಣಾ ವರದಿ, ಬಾಕಿ ಹಣದ ನೆನಪಿನ ಪತ್ರ ಎಲ್ಲವೂ ಅದರಿಂದಲೇ ಮೇಲ್ ಆಗಿ ಹೋಗಬೇಕು ಎಂಬುದು ಮಾಲೀಕರ ಅಪೇಕ್ಷೆ. ತಂತ್ರಾಂಶ ಹಾಕಿಕೊಟ್ಟವರು ಅದೇ ಯಂತ್ರದಲ್ಲಿ ಪೋಸ್ಟ್‌ಫಿಕ್ಸ್ ಎಂಬ ಮೇಲ್ ಕಳುಹಿಸುವ ತಂತ್ರಾಂಶ ಅಳವಡಿಸಿ, ಹೊರಹೋಗುವ ಸರ್ವರ್ ಎಂದು ಆ ಯಂತ್ರವನ್ನೇ ತೋರಿಸಿ ಹೋಗಿದ್ದಾರೆ.

ತೊಂದರೆ ಹೀಗಿದೆ. ಇಆರ್‌ಪಿಯ ಇಮೇಲ್ ಸರದಿಯಲ್ಲಿ ಪ್ರತಿಯೊಂದು ಇನ್ವಾಯ್ಸ್‌ನ ಮುಂದೆಯೂ ‘ಸೆಂಟ್’ ಎಂದೇ ಇದೆ. ಆದರೆ ಪುಣೆ ಮತ್ತು ಕೊಲ್ಹಾಪುರದ ಗ್ರಾಹಕರು ಬಿಲ್ ಬಂದಿಲ್ಲ ಎನ್ನುತ್ತಾರೆ. ಕೆಲವರಿಗೆ ಸ್ಪ್ಯಾಮ್ ಫೋಲ್ಡರ್‌ನಲ್ಲಿ ಸಿಕ್ಕಿದೆ, ಕೆಲವರಿಗೆ ಎಲ್ಲಿಯೂ ಇಲ್ಲ. ಸಿಬ್ಬಂದಿಯ ದಿನನಿತ್ಯದ ಮೇಲ್‌ಗಳು ನಮ್ಮದೇ ಡೊಮೇನ್‌ನಲ್ಲಿ ಗೂಗಲ್ ವರ್ಕ್‌ಸ್ಪೇಸ್ ಮೂಲಕ ಸರಿಯಾಗಿಯೇ ಹೋಗುತ್ತಿವೆ. ಒಂದು ಸ್ಥಿರ ಐಪಿ (ಬದಲಾಗದ ಇಂಟರ್ನೆಟ್ ವಿಳಾಸ) ಕೊಂಡು ಈ ಸರ್ವರ್ ಅನ್ನೇ ಸರಿಪಡಿಸಬೇಕೇ, ಅಥವಾ ಬೇರೆ ದಾರಿ ಹಿಡಿಯಬೇಕೇ ಎಂದು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಟಿಳಕವಾಡಿ ಸರ್ವರ್

ಮೇಡಂ, ಮೊದಲು ಆ ‘ಸೆಂಟ್’ ಎಂಬುದನ್ನು ಬಿಡಿಸಿ ನೋಡೋಣ. ಇಆರ್‌ಪಿ ತನ್ನ ಮುಂದಿನ ಸರ್ವರ್‌ಗೆ ಮೇಲ್ ಒಪ್ಪಿಸಿ, ಆ ಸರ್ವರ್ 250 ಎಂಬ ಒಪ್ಪಿಗೆಯ ಸಂಖ್ಯೆ ಹೇಳಿದ ಕೂಡಲೇ ‘ಸೆಂಟ್’ ಎಂದು ಬರೆದುಕೊಳ್ಳುತ್ತದೆ. ನಿಮ್ಮಲ್ಲಿ ಮುಂದಿನ ಸರ್ವರ್ ಎಂದರೆ ಅದೇ ಯಂತ್ರದ ಪೋಸ್ಟ್‌ಫಿಕ್ಸ್. ಅದು ಪಕ್ಕದ ಮೇಜಿನವರ ಕೈಯಿಂದ ಕಾಗದ ತೆಗೆದುಕೊಂಡಷ್ಟೇ ಸುಲಭವಾಗಿ ಎಲ್ಲವನ್ನೂ ತೆಗೆದುಕೊಳ್ಳುತ್ತದೆ. ಪುಣೆಯ ಸರ್ವರ್ ಬಾಗಿಲು ತೆರೆಯಿತೋ ಇಲ್ಲವೋ ಎಂಬುದು ಪೋಸ್ಟ್‌ಫಿಕ್ಸ್‌ನ ಲಾಗ್‌ನಲ್ಲಿ ಮಾತ್ರ ಇರುತ್ತದೆ. ಆಚೆಯ ಸರ್ವರ್ 5ರಿಂದ ಶುರುವಾಗುವ ಸಂಖ್ಯೆ ಹೇಳಿ ಖಡಾಖಂಡಿತ ನಿರಾಕರಿಸಿದರೆ ಪೋಸ್ಟ್‌ಫಿಕ್ಸ್ ಕೂಡಲೇ ಕಳುಹಿಸಿದವರ ವಿಳಾಸಕ್ಕೆ ಬೌನ್ಸ್ ಮಾಡುತ್ತದೆ, ಅಂದರೆ ಮರಳಿಸುತ್ತದೆ; 4ರಿಂದ ಶುರುವಾಗುವ ತಾತ್ಕಾಲಿಕ ನಿರಾಕರಣೆ ಬಂದರೆ ಪೂರ್ವನಿಯೋಜಿತವಾಗಿ 5 ದಿನಗಳವರೆಗೆ ಮತ್ತೆ ಮತ್ತೆ ಕಳುಹಿಸಲು ಪ್ರಯತ್ನಿಸಿ ಆಮೇಲೆ ಬೌನ್ಸ್ ಮಾಡುತ್ತದೆ. ಕಳುಹಿಸುವ ವಿಳಾಸ ಯಾರೂ ಓದದ ‘ನೋರಿಪ್ಲೈ’ ಆಗಿದ್ದರೆ ಆ ಸುದ್ದಿಯೂ ಯಾರಿಗೂ ಮುಟ್ಟುವುದಿಲ್ಲ.

ಕಚೇರಿಯ ಇಂಟರ್ನೆಟ್ ಸಂಪರ್ಕದಿಂದ ನೇರವಾಗಿ ಜಗತ್ತಿನ ಮೇಲ್ ಸರ್ವರ್‌ಗಳಿಗೆ ಕಳುಹಿಸುವ ಪ್ರಯತ್ನವನ್ನು ಕೈಬಿಡಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಬ್ರಾಡ್‌ಬ್ಯಾಂಡ್ ಗ್ರಾಹಕರಿಗೆ ಹಂಚುವ ಐಪಿಗಳ ಸಾಲುಗಳನ್ನೇ, ಸ್ಪ್ಯಾಮ್ ತಡೆಯಲು ಪಟ್ಟಿಗಳನ್ನು ಮಾಡುವ ಸ್ಪ್ಯಾಮ್‌ಹಾಸ್ ಸಂಸ್ಥೆಯ ಪಿಬಿಎಲ್ ಎಂಬ ಪಟ್ಟಿಯಲ್ಲಿ ಸೇರಿಸಲಾಗಿರುತ್ತದೆ. ಆ ಐಪಿಗಳಿಂದ ಯಾರೋ ಕೆಟ್ಟ ಮೇಲ್ ಕಳುಹಿಸಿದ್ದಾರೆ ಎಂದು ಇದರ ಅರ್ಥವಲ್ಲ. ಇಂಥ ಸಂಪರ್ಕಗಳಿಂದ ನೇರವಾಗಿ ಮೇಲ್ ಬರಬಾರದು ಎಂಬ ನೀತಿಯಷ್ಟೇ. ಬಹಳಷ್ಟು ದೊಡ್ಡ ಕಂಪನಿಗಳ ಸರ್ವರ್‌ಗಳು ಆ ಪಟ್ಟಿಯನ್ನು ನೋಡಿಯೇ 550 ಹೇಳಿ ಬಾಗಿಲು ಹಾಕುತ್ತವೆ. ಸ್ಥಿರ ಐಪಿ ಕೊಂಡರೂ ಅದಕ್ಕೆ ಪಿಟಿಆರ್, ಅಂದರೆ ಐಪಿಯಿಂದ ಹೆಸರಿಗೆ ಹೋಗುವ ಹಿಮ್ಮುಖ ದಾಖಲೆ ಬೇಕು, ಮತ್ತು ಆ ಹೆಸರು ತಿರುಗಿ ಅದೇ ಐಪಿಗೆ ಬರಬೇಕು. ಅದನ್ನು ನಿಮ್ಮ ಡೊಮೇನ್ ಫಲಕದಲ್ಲಿ ಹಾಕಲಾಗದು, ಸಂಪರ್ಕ ಕೊಟ್ಟವರೇ ಹಾಕಿಕೊಡಬೇಕು. ಇಷ್ಟೆಲ್ಲ ಆದಮೇಲೂ ಹೊಸ ಐಪಿಗೆ ಒಳ್ಳೆಯ ಹೆಸರು ಬರಲು ಕಾಲ ಹಿಡಿಯುತ್ತದೆ, ಮತ್ತು ದಿನಕ್ಕೆ ಕೆಲವೇ ಇನ್ವಾಯ್ಸ್ ಕಳುಹಿಸುವ ಕಾರ್ಖಾನೆಗೆ ಅಂಥ ಹೆಸರು ಬೆಳೆಯುವುದೇ ಕಷ್ಟ.

ಮೋಡದ (ಕ್ಲೌಡ್) ಸರ್ವರ್ ಬಾಡಿಗೆಗೆ ತೆಗೆದುಕೊಂಡರೂ ಇದೇ ಗೋಡೆ ಎದುರಾಗುತ್ತದೆ. ಅಮೆಜಾನ್‌ನ ಇಸಿ2 ಮತ್ತು ಗೂಗಲ್ ಕ್ಲೌಡ್ ಎರಡೂ 25ನೆಯ ಪೋರ್ಟ್‌ನಿಂದ (ಪೋರ್ಟ್ ಎಂದರೆ ಸಂಪರ್ಕದ ಸಂಖ್ಯೆ ಹಾಕಿದ ಬಾಗಿಲು) ಹೊರಹೋಗುವುದನ್ನು ಮೊದಲಿನಿಂದಲೇ ತಡೆದಿರುತ್ತವೆ.

ಮಾಡಬೇಕಾದದ್ದು ಇಷ್ಟು. ಇಆರ್‌ಪಿಯು ಬಳಕೆದಾರ ಹೆಸರು ಮತ್ತು ಪಾಸ್‌ವರ್ಡ್ ಕೊಟ್ಟು, 587 ಅಥವಾ 465ನೆಯ ಪೋರ್ಟ್ ಮೂಲಕ, ಆಗಲೇ ಒಳ್ಳೆಯ ಹೆಸರಿರುವ ಒಂದು ರಿಲೇ ಸರ್ವರ್‌ಗೆ ಮೇಲ್ ಒಪ್ಪಿಸಬೇಕು, ಮುಂದಿನ ಪ್ರಯಾಣ ಅದರ ಹೊಣೆ. 25 ಎಂಬುದು ಸರ್ವರ್‌ನಿಂದ ಸರ್ವರ್‌ಗೆ. ನಮ್ಮ ತಂತ್ರಾಂಶದಂಥವುಗಳಿಗಾಗಿ ಇರುವುದು 587, ಅದರಲ್ಲಿ ಮಾತು ಸಾದಾ ಆರಂಭವಾಗಿ ಸ್ಟಾರ್ಟ್‌ಟಿಎಲ್‌ಎಸ್ ಆಜ್ಞೆಯ ನಂತರ ಗೂಢಲಿಪಿಗೆ ತಿರುಗುತ್ತದೆ. 465ರಲ್ಲಿ ಮೊದಲ ಅಕ್ಷರದಿಂದಲೇ ಟಿಎಲ್‌ಎಸ್ ಎಂಬ ಆ ಗೂಢಲಿಪಿ ಇರುತ್ತದೆ, 2018ರ ಆರ್‌ಎಫ್‌ಸಿ 8314 ಎಂಬ ಇಂಟರ್ನೆಟ್ ಮಾನದಂಡದ ದಾಖಲೆ ಇದನ್ನೇ ಮೇಲು ಎಂದು ಸೂಚಿಸಿದೆ. ಇಆರ್‌ಪಿನೆಕ್ಸ್ಟ್‌ನಲ್ಲಿ 587 ಹಾಕಿದರೆ ‘ಯೂಸ್ ಟಿಎಲ್‌ಎಸ್’, 465 ಹಾಕಿದರೆ ‘ಎಸ್‌ಎಸ್‌ಎಲ್’ ಗುರುತು ಮಾಡಬೇಕು. ಇವೆರಡು ಅದಲುಬದಲಾದರೆ ಸಂಪರ್ಕವೇ ಆಗುವುದಿಲ್ಲ.

ಮುಂದೆ ಹೋಗುವ ಮೊದಲು ಎರಡು ವಿಷಯ ತಿಳಿಸಿ. ಲಾಗ್‌ನಲ್ಲಿ ಬೌನ್ಸ್ ಆದ ಒಂದು ಸಾಲು ಏನು ಹೇಳುತ್ತದೆ? ಸ್ಪ್ಯಾಮ್‌ನಲ್ಲಿ ಸಿಕ್ಕ ಒಂದು ಮೇಲ್‌ನ ಪೂರ್ಣ ಹೆಡರ್ (ಮೇಲ್ ಸಾಗಿದ ದಾರಿ, ತಪಾಸಣೆಯ ವಿವರ ಇರುವ ತಲೆಭಾಗ) ತರಿಸಿಕೊಳ್ಳಲು ಸಾಧ್ಯವೇ?

ತಿಕೋಟಾ ದ್ರಾಕ್ಷಿ

ನಾವು ವಿಜಯಪುರ ಜಿಲ್ಲೆಯ ತಿಕೋಟಾ ಭಾಗದಲ್ಲಿ ಒಣದ್ರಾಕ್ಷಿಯ ವ್ಯವಹಾರ ಮಾಡುತ್ತೇವೆ. ಮಾಲು ಶೀತಲ ಗೃಹಕ್ಕೆ ಬಂದಾಗ, ಸಾಂಗಲಿ ಮತ್ತು ತಾಸಗಾಂವ ಕಡೆಯ ವ್ಯಾಪಾರಿಗಳಿಗೆ ದರಪಟ್ಟಿ ಕಳುಹಿಸುವಾಗ, ರೈತರಿಗೆ ಲೆಕ್ಕ ಕೊಡುವಾಗ ಮೇಲ್ ಹೋಗುತ್ತದೆ. ನಮ್ಮ ಜಾಲತಾಣ ಇದ್ದ ಹಂಚಿಕೆಯ ಹೋಸ್ಟಿಂಗ್ ಜೊತೆಯಲ್ಲೇ ಬಂದ ಮೇಲ್ ಸರ್ವರ್ ಅನ್ನು ಬಹಳ ಕಾಲ ಬಳಸಿದೆವು. ಆ ಐಪಿಯನ್ನು ನಮಗೆ ಪರಿಚಯವೇ ಇಲ್ಲದ ನೂರಾರು ತಾಣಗಳು ಬಳಸುತ್ತಿದ್ದವು. ಅವರಲ್ಲಿ ಒಬ್ಬರ ತಾಣಕ್ಕೆ ಕನ್ನ ಬಿದ್ದು ಸ್ಪ್ಯಾಮ್ ಹರಿಯತೊಡಗಿದಾಗ ನಮ್ಮ ದರಪಟ್ಟಿಯೂ ಅದರ ಜೊತೆಗೇ ತಿರಸ್ಕಾರಗೊಂಡಿತು. ಗಂಟೆಗೆ ಇಷ್ಟೇ ಮೇಲ್ ಎಂಬ ಮಿತಿ ಬೇರೆ ಇತ್ತು, ಹಂಗಾಮಿನಲ್ಲಿ ಅರ್ಧ ಪಟ್ಟಿ ಹೋಗಿ ಉಳಿದರ್ಧ ನಿಂತುಬಿಡುತ್ತಿತ್ತು.

ಈಗ ಅಮೆಜಾನ್ ಎಸ್‌ಇಎಸ್ ಎಂಬ ರಿಲೇ ಸೇವೆಯ ಮುಂಬೈ ಕೇಂದ್ರದ ಮೂಲಕ ಕಳುಹಿಸುತ್ತೇವೆ. ಹೊಸಬರು ತಿಳಿದಿರಬೇಕಾದದ್ದು: ಖಾತೆ ತೆರೆದ ಕೂಡಲೇ ಅದು ಸ್ಯಾಂಡ್‌ಬಾಕ್ಸ್ ಎಂಬ ಪರೀಕ್ಷಾ ಹಂತದಲ್ಲಿರುತ್ತದೆ, 24 ಗಂಟೆಗೆ 200 ಮೇಲ್, ಅದೂ ನೀವು ಮೊದಲೇ ದೃಢೀಕರಿಸಿದ ವಿಳಾಸಗಳಿಗೆ ಮಾತ್ರ. ಹೊರಬರಲು ಏನು ಕಳುಹಿಸುತ್ತೀರಿ, ಯಾರಿಗೆ, ಬೌನ್ಸ್ ಆದರೆ ಏನು ಮಾಡುತ್ತೀರಿ ಎಂದು ವಿವರವಾಗಿ ಬರೆದು ಅರ್ಜಿ ಹಾಕಬೇಕು. ಎಸ್‌ಎಂಟಿಪಿ, ಅಂದರೆ ಮೇಲ್ ಕಳುಹಿಸುವ ವಿಧಾನಕ್ಕೆ ಬೇಕಾದ ಬಳಕೆದಾರ ಹೆಸರು ಮತ್ತು ಪಾಸ್‌ವರ್ಡ್, ಅಮೆಜಾನ್ ಖಾತೆಯ ಲಾಗಿನ್ ಅಲ್ಲ, ಅದನ್ನು ಬೇರೆಯಾಗಿ ಸೃಷ್ಟಿಸಬೇಕು ಮತ್ತು ಮುಂಬೈಗೆ ಸೃಷ್ಟಿಸಿದ್ದು ಬೇರೆ ಕೇಂದ್ರದಲ್ಲಿ ನಡೆಯುವುದಿಲ್ಲ. ನಿಮ್ಮ ಸಂಪರ್ಕದವರು 587 ತಡೆದಿದ್ದರೆ 2587 ಎಂಬ ಪರ್ಯಾಯ ಪೋರ್ಟ್ ಇದೆ.

ಉದ್ಯಮಬಾಗ ಲೆಕ್ಕವಿಭಾಗ

ಟಿಳಕವಾಡಿಯ ಸರ್, ಲಾಗ್ ತೆರೆಸಿ ನೋಡಿದೆ. ಬೌನ್ಸ್ ಆದ ಸಾಲುಗಳಲ್ಲಿ 550 5.7.1 ಎಂದೂ, ಪಕ್ಕದಲ್ಲಿ ಸ್ಪ್ಯಾಮ್‌ಹಾಸ್ ಹೆಸರೂ ಇದೆ. ಕೆಲವು ಸಾಲುಗಳಲ್ಲಿ 450 ಎಂದಿದ್ದು ನಂತರ ಹೋಗಿವೆ.

ಕೊಲ್ಹಾಪುರದ ಗ್ರಾಹಕರೊಬ್ಬರು ಸ್ಪ್ಯಾಮ್‌ನಲ್ಲಿದ್ದ ಮೇಲ್‌ನ ಹೆಡರ್ ಕಳುಹಿಸಿದರು. ಅದರಲ್ಲಿ ‘ಅಥೆಂಟಿಕೇಷನ್ ರಿಸಲ್ಟ್ಸ್’ ಎಂಬ ಸಾಲಿನಲ್ಲಿ ಎಸ್‌ಪಿಎಫ್ ಮುಂದೆ ‘ಪರ್ಮ್‌ಎರರ್’, ಡಿಕಿಮ್ ಮುಂದೆ ‘ನನ್’ (ಇಲ್ಲ) ಎಂದಿದೆ. ಡಿಮಾರ್ಕ್ ಎಂಬ ಮಾತೇ ಇಲ್ಲ.

ಇನ್ನೊಂದು ವಿಚಿತ್ರ ಗಮನಕ್ಕೆ ಬಂತು. ನಾನು ಲೆಕ್ಕವಿಭಾಗದಿಂದ ಕಳುಹಿಸಿದ್ದಕ್ಕಿಂತ ನಮ್ಮ ಖರೀದಿ ವಿಭಾಗದವರು ಕಳುಹಿಸಿದ ಪರ್ಚೇಸ್ ಆರ್ಡರ್‌ಗಳೇ ಹೆಚ್ಚು ಕಳೆದುಹೋಗುತ್ತಿವೆ. ಯಂತ್ರ ಒಂದೇ, ತಂತ್ರಾಂಶ ಒಂದೇ.

ಟಿಳಕವಾಡಿ ಸರ್ವರ್

ಖರೀದಿ ವಿಭಾಗದವರು ಇಆರ್‌ಪಿಗೆ ಯಾವ ವಿಳಾಸದಿಂದ ಲಾಗಿನ್ ಆಗುತ್ತಾರೆ ನೋಡಿ. ಅವರ ಸ್ವಂತ ಜಿಮೇಲ್ ವಿಳಾಸವೇ ಬಳಕೆದಾರರ ಹೆಸರಾಗಿರಬೇಕು ಎಂದು ನನ್ನ ಊಹೆ. ಇಆರ್‌ಪಿನೆಕ್ಸ್ಟ್‌ಗೆ ಬೇರೆ ಸೂಚನೆ ಕೊಡದಿದ್ದರೆ ಯಾರು ಗುಂಡಿ ಒತ್ತಿದರೋ ಅವರ ವಿಳಾಸವನ್ನೇ ‘ಫ್ರಮ್’ ಜಾಗದಲ್ಲಿ ಹಾಕುತ್ತದೆ. ಹಾಗಾದಾಗ ಉದ್ಯಮಬಾಗದ ಒಂದು ಯಂತ್ರ ತಾನು ಜಿಮೇಲ್ ಎಂದು ಹೇಳಿಕೊಂಡಂತಾಗುತ್ತದೆ. ಜಿಮೇಲ್ ವಿಳಾಸವನ್ನು ಫ್ರಮ್‌ನಲ್ಲಿ ನಟಿಸಬೇಡಿ ಎಂದು ಗೂಗಲ್ ತನ್ನ ಕಳುಹಿಸುವವರ ನಿಯಮಗಳಲ್ಲೇ ಬರೆದಿದೆ. ‘ಇಮೇಲ್ ಅಕೌಂಟ್’ ದಾಖಲೆಯಲ್ಲಿ, ಯಾವಾಗಲೂ ಇದೇ ವಿಳಾಸವನ್ನು ಕಳುಹಿಸುವವರ ವಿಳಾಸವಾಗಿ ಬಳಸು ಎಂಬ ಅರ್ಥದ ಒಂದು ಚೌಕವಿದೆ, ಅದನ್ನು ಗುರುತು ಮಾಡಿ. ಹೆಸರಿಗೂ ಅಂಥದೇ ಇನ್ನೊಂದು ಚೌಕವಿದೆ, ಅದು ನಿಮ್ಮ ಇಷ್ಟ. ಇದೊಂದೇ ಬದಲಾವಣೆಯಿಂದ ಅರ್ಧ ರೋಗ ವಾಸಿಯಾಗುತ್ತದೆ. ಕಳುಹಿಸುವ ವಿಳಾಸ ನಿಜವಾದ ಅಂಚೆಪೆಟ್ಟಿಗೆಯಾಗಿರಲಿ, ಅದನ್ನು ಇಬ್ಬರಾದರೂ ಓದಲಿ. ಗ್ರಾಹಕರ ಮರುತ್ತರವೂ ಬೌನ್ಸ್ ಸುದ್ದಿಯೂ ಅಲ್ಲಿಗೇ ಬರುತ್ತವೆ.

ಇನ್ನು ಆ ಪರ್ಮ್‌ಎರರ್. ಎಸ್‌ಪಿಎಫ್ ಎಂದರೆ ನಿಮ್ಮ ಡೊಮೇನ್ ಹೆಸರಲ್ಲಿ ಯಾವ ಸರ್ವರ್‌ಗಳು ಮೇಲ್ ಕಳುಹಿಸಬಹುದು ಎಂದು ಡಿಎನ್‌ಎಸ್‌ನಲ್ಲಿ, ಅಂದರೆ ಡೊಮೇನ್‌ನ ಸಾರ್ವಜನಿಕ ದಾಖಲೆಪಟ್ಟಿಯಲ್ಲಿ, ಬರೆದಿಡುವ ಸಾಲು. ಡಿಕಿಮ್ ಎಂದರೆ ಮೇಲ್ ಮೇಲೆ ಬೀಳುವ ಡಿಜಿಟಲ್ ಸಹಿ. ಡಿಮಾರ್ಕ್ ಎಂದರೆ ಇವು ಹೊಂದದ ಮೇಲ್ ಅನ್ನು ಏನು ಮಾಡಬೇಕು ಎಂದು ಹೇಳುವ ನೀತಿ. ನಿಮ್ಮ ಡೊಮೇನ್‌ಗೆ ಎಸ್‌ಪಿಎಫ್ ದಾಖಲೆಗಳು ಎರಡು ಇರಬೇಕು: ಹಳೆಯ ಜಾಲತಾಣದ ಹೋಸ್ಟಿಂಗ್‌ನವರು ಹಾಕಿದ್ದೊಂದು, ವರ್ಕ್‌ಸ್ಪೇಸ್ ತೆಗೆದುಕೊಂಡಾಗ ಹಾಕಿದ್ದೊಂದು. ಎಸ್‌ಪಿಎಫ್ ನಿಯಮದ ಪ್ರಕಾರ ಒಂದು ಡೊಮೇನ್‌ಗೆ ಒಂದೇ ದಾಖಲೆ, ಎರಡು ಕಂಡರೆ ಓದುವ ಸರ್ವರ್ ಯಾವುದನ್ನೂ ನಂಬದೆ ಶಾಶ್ವತ ದೋಷ ಎಂದು ಬರೆಯುತ್ತದೆ. ಎರಡನ್ನೂ ಕೂಡಿಸಿ ಒಂದೇ ಸಾಲಿಗೆ ತನ್ನಿ, ಈಗ ಬಳಸದೇ ಇರುವುದನ್ನು ಕಿತ್ತುಹಾಕಿ. ಇಲ್ಲಿ ಇನ್ನೊಂದು ಮಿತಿಯೂ ಇದೆ. ಆ ಸಾಲನ್ನು ಬಿಡಿಸಲು 10ಕ್ಕಿಂತ ಹೆಚ್ಚು ಡಿಎನ್‌ಎಸ್ ವಿಚಾರಣೆಗಳು ಬೇಕಾದರೂ ಅದೇ ಪರ್ಮ್‌ಎರರ್ ಬರುತ್ತದೆ, ಬೇರೆ ಸೇವೆಯ ಪಟ್ಟಿಯನ್ನು ಸೇರಿಸಿಕೊಳ್ಳುವ ಒಂದು ‘ಇನ್‌ಕ್ಲೂಡ್’ ಒಳಗೆ ನಾಲ್ಕು ಇನ್‌ಕ್ಲೂಡ್ ಅಡಗಿರುವುದುಂಟು.

ಎಸ್‌ಪಿಎಫ್ ನೋಡುವುದು ಲಕೋಟೆಯ ಮೇಲಿನ ವಿಳಾಸವನ್ನು, ಒಳಗಿನ ಲೆಟರ್‌ಹೆಡ್ ಅನ್ನು ಅಲ್ಲ. ಓದುಗರ ಪರದೆಯ ಮೇಲೆ ಕಾಣುವ ‘ಫ್ರಮ್’ ಲೆಟರ್‌ಹೆಡ್. ಲಕೋಟೆಯ ಮೇಲೆ ‘ರಿಟರ್ನ್ ಪಾತ್’ ಎಂಬ ಬೇರೆಯೇ ವಿಳಾಸವಿರುತ್ತದೆ, ರಿಲೇ ಸೇವೆಗಳು ಅಲ್ಲಿ ತಮ್ಮ ಡೊಮೇನ್ ಹಾಕಿಬಿಡುತ್ತವೆ. ಆಗ ಎಸ್‌ಪಿಎಫ್ ‘ಪಾಸ್’ ಎಂದು ಬಂದರೂ ಅದು ಪಾಸಾದದ್ದು ಅವರ ಹೆಸರಿಗೆ, ನಿಮ್ಮ ಹೆಸರಿಗಲ್ಲ. ಡಿಮಾರ್ಕ್ ಕೇಳುವುದು ಇದನ್ನೇ: ಎಸ್‌ಪಿಎಫ್ ಅಥವಾ ಡಿಕಿಮ್, ಎರಡರಲ್ಲಿ ಒಂದಾದರೂ ಫ್ರಮ್‌ನಲ್ಲಿರುವ ಡೊಮೇನ್‌ಗೇ ಹೊಂದಿಕೊಂಡು ಪಾಸಾಗಿರಬೇಕು. ಆದ್ದರಿಂದ ಡಿಕಿಮ್ ಸಹಿ ನಿಮ್ಮದೇ ಡೊಮೇನ್ ಹೆಸರಲ್ಲಿ ಬೀಳುವಂತೆ ಮಾಡುವುದು ಈ ಇಡೀ ಕೆಲಸದ ಜೀವಾಳ. ಇಆರ್‌ಪಿಯ ಪರದೆಯ ಮೇಲಿನ ಸರ್ವರ್, ಪೋರ್ಟ್, ಹೆಸರು, ಪಾಸ್‌ವರ್ಡ್ ತುಂಬುವುದು ಚಹಾ ಕುಡಿಯುವಷ್ಟರಲ್ಲಿ ಮುಗಿಯುತ್ತದೆ, ತಲುಪುವುದೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಡಿಎನ್‌ಎಸ್‌ನಲ್ಲಿ.

ಇದು ದೊಡ್ಡವರಿಗೆ ಮಾತ್ರ ಸೇರಿದ ವಿಷಯ ಎಂದು ಕೆಲವರು ಹೇಳುವುದನ್ನು ಕೇಳಿದ್ದೇನೆ. 2024ರ ಫೆಬ್ರುವರಿಯಿಂದ ಜಿಮೇಲ್‌ಗೆ ಕಳುಹಿಸುವ ಎಲ್ಲರಿಗೂ ಎಸ್‌ಪಿಎಫ್ ಅಥವಾ ಡಿಕಿಮ್, ಸರಿಯಾದ ಪಿಟಿಆರ್ ಮತ್ತು ಟಿಎಲ್‌ಎಸ್ ಕಡ್ಡಾಯ. ದಿನಕ್ಕೆ 5,000ಕ್ಕಿಂತ ಹೆಚ್ಚು ಕಳುಹಿಸುವವರಿಗೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರೂ ಬೇಕು. 2025ರ ಮೇ ತಿಂಗಳಿಂದ ಮೈಕ್ರೋಸಾಫ್ಟ್ ಕೂಡ ತನ್ನ ಔಟ್‌ಲುಕ್ ಡಾಟ್ ಕಾಮ್ ಪೆಟ್ಟಿಗೆಗಳಿಗೆ ಅಷ್ಟೇ ಪ್ರಮಾಣದಲ್ಲಿ ಕಳುಹಿಸುವವರಿಗೆ ಇಂಥದೇ ನಿಯಮ ತಂದಿತು. ಚಿಕ್ಕವರಾದ ನಮಗೆ ಮೂರೂ ಕಡ್ಡಾಯವಲ್ಲದಿದ್ದರೂ, ಮೂರೂ ಇದ್ದವರ ಮೇಲ್ ಇನ್‌ಬಾಕ್ಸ್ ಸೇರುವುದನ್ನು ನಾನು ಕಣ್ಣಾರೆ ಕಾಣುತ್ತಿದ್ದೇನೆ.

ನವನಗರ ತೆರಿಗೆ ಸಲಹೆ

ಬಾಗಲಕೋಟೆಯ ನವನಗರದಲ್ಲಿ ತೆರಿಗೆ ಸಲಹೆಯ ಕಚೇರಿ ನಡೆಸುತ್ತೇನೆ, ಗುಳೇದಗುಡ್ಡ ಮತ್ತು ಇಳಕಲ್ಲಿನ ಹಲವು ನೇಕಾರ ಉದ್ದಿಮೆಗಳ ಲೆಕ್ಕಪತ್ರ ನಮ್ಮಲ್ಲಿದೆ. ಸರ್ ಹೇಳಿದ್ದೆಲ್ಲ ನಿಜವಿರಬಹುದು. ಆದರೆ ತಿಂಗಳಿಗೆ ಇಪ್ಪತ್ತು ಮೂವತ್ತು ಬಿಲ್ ಕಳುಹಿಸುವ ಸೀರೆ ವ್ಯಾಪಾರಿಗೆ ಇಷ್ಟು ದೊಡ್ಡ ವ್ಯವಸ್ಥೆ ಬೇಕೇ? ನಮ್ಮ ಕಕ್ಷಿದಾರರು ಟ್ಯಾಲಿಪ್ರೈಮ್‌ನಲ್ಲಿ ಜಿಮೇಲ್ ವಿಳಾಸ ಹಾಕಿ, ಆ್ಯಪ್ ಪಾಸ್‌ವರ್ಡ್ ಕೊಟ್ಟು ನೇರವಾಗಿ ಕಳುಹಿಸುತ್ತಾರೆ. ಅವೆಲ್ಲ ತಲುಪುತ್ತಿವೆ.

ಟಿಳಕವಾಡಿ ಸರ್ವರ್

ಮೇಡಂ, ಅಂಥ ವ್ಯಾಪಾರಿಗೆ ಬೇಡ, ಅವರ ಮಟ್ಟಿಗೆ ನಿಮ್ಮ ದಾರಿಯೇ ಸರಿ. ಜಿಮೇಲ್ ವಿಳಾಸದಿಂದ ಜಿಮೇಲ್ ಸರ್ವರ್ ಮೂಲಕವೇ ಹೋಗುವಾಗ ಮೇಲಿನ ಎಲ್ಲ ಹೊಂದಾಣಿಕೆಯೂ ತಾನಾಗಿ ಆಗಿರುತ್ತದೆ. ಖಾತೆಗೆ ಎರಡು ಹಂತದ ದೃಢೀಕರಣ ಇರಲೇಬೇಕು, ಆಗ ಮಾತ್ರ 16 ಅಕ್ಷರಗಳ ಆ್ಯಪ್ ಪಾಸ್‌ವರ್ಡ್ ಸಿಗುತ್ತದೆ. ಸಾಮಾನ್ಯ ಪಾಸ್‌ವರ್ಡ್ ಹಾಕಿ ಕಳುಹಿಸುವ ಕಾಲ ವೈಯಕ್ತಿಕ ಜಿಮೇಲ್‌ಗೆ 2022ರ ಮೇ ತಿಂಗಳಲ್ಲೇ ಮುಗಿದುಹೋಯಿತು, ಈಗಲೂ ಹಾಗೆ ಪ್ರಯತ್ನಿಸಿದವರಿಗೆ 535 ಎಂಬ ಉತ್ತರ ಬರುವುದು ಅದಕ್ಕೇ. ದಿನದ ಮಿತಿ ವೈಯಕ್ತಿಕ ಖಾತೆಗೆ 500, ವರ್ಕ್‌ಸ್ಪೇಸ್ ಖಾತೆಗೆ 2,000.

ಹತ್ತಾರು ಜನ ಬಳಸುವ ಇಆರ್‌ಪಿಗೆ ಒಬ್ಬರ ವೈಯಕ್ತಿಕ ಪೆಟ್ಟಿಗೆ ಕಟ್ಟಿಹಾಕುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಅವರು ಕೆಲಸ ಬಿಟ್ಟು ಹೋದ ದಿನ, ಅಥವಾ ತಮ್ಮ ಗೂಗಲ್ ಪಾಸ್‌ವರ್ಡ್ ಬದಲಿಸಿದ ದಿನ, ಆ್ಯಪ್ ಪಾಸ್‌ವರ್ಡ್ ರದ್ದಾಗಿ ಇಡೀ ಕಾರ್ಖಾನೆಯ ಇನ್ವಾಯ್ಸ್ ನಿಲ್ಲುತ್ತದೆ. ಕಂಪನಿಯ ಹೆಸರಿಗೆ ಸೇರಿದ, ಇಆರ್‌ಪಿಗಾಗಿಯೇ ಇರುವ ಒಂದು ಖಾತೆ ಬೇಕು.

ಉದ್ಯಮಬಾಗದ ಮೇಡಂ ಅವರಲ್ಲಿ ವರ್ಕ್‌ಸ್ಪೇಸ್ ಆಗಲೇ ಇದೆ, ಆದ್ದರಿಂದ ಎಸ್‌ಇಎಸ್ ಬೇಕಿಲ್ಲ ಎಂಬುದು ನನ್ನ ಮತ. ವರ್ಕ್‌ಸ್ಪೇಸ್‌ನ ಆಡಳಿತ ಫಲಕದಲ್ಲಿ ಎಸ್‌ಎಂಟಿಪಿ ರಿಲೇ ಸೇವೆ ಎಂಬುದಿದೆ. ಅದರಲ್ಲಿ ಕಳುಹಿಸಬಹುದಾದವರು ‘ನನ್ನ ಡೊಮೇನ್‌ನ ವಿಳಾಸಗಳು ಮಾತ್ರ’ ಎಂದು ಆರಿಸಿ, ದೃಢೀಕರಣ ಮತ್ತು ಟಿಎಲ್‌ಎಸ್ ಎರಡನ್ನೂ ಕಡ್ಡಾಯ ಮಾಡಿ. ‘ಯಾವ ವಿಳಾಸವಾದರೂ’ ಎಂಬ ಆಯ್ಕೆಯನ್ನು ದಯವಿಟ್ಟು ಮುಟ್ಟಬೇಡಿ. ಡಿಕಿಮ್ ಕೀಲಿಯನ್ನು ಅದೇ ಫಲಕದಲ್ಲಿ 2048 ಬಿಟ್‌ಗೆ ಸೃಷ್ಟಿಸಿ, ಡಿಎನ್‌ಎಸ್‌ಗೆ ಹಾಕಿ, ಮತ್ತೆ ಬಂದು ದೃಢೀಕರಣ ಆರಂಭಿಸುವ ಗುಂಡಿ ಒತ್ತಬೇಕು. ಆ ಗುಂಡಿ ಒತ್ತುವವರೆಗೆ ಗೂಗಲ್ ತನ್ನದೇ ಒಂದು ಉಪಡೊಮೇನ್ ಹೆಸರಲ್ಲಿ ಸಹಿ ಹಾಕುತ್ತದೆ, ಅದು ನಿಮ್ಮ ಫ್ರಮ್‌ಗೆ ಹೊಂದುವುದಿಲ್ಲ.

ತಿಕೋಟಾ ದ್ರಾಕ್ಷಿ

ಇಲ್ಲಿ ನನ್ನದೊಂದು ಭಿನ್ನಾಭಿಪ್ರಾಯ ಇದೆ ಸರ್. ಇಆರ್‌ಪಿ ಮೇಲ್‌ಗಳಿಗೆ ಬೇರೆ ಉಪಡೊಮೇನ್ ಇಡುವುದೇ ಕ್ಷೇಮ. ನಾವು ದರಪಟ್ಟಿಗಳನ್ನು ಮುಖ್ಯ ಡೊಮೇನ್‌ನಿಂದ ಕಳುಹಿಸುತ್ತಿದ್ದಾಗ ಹಳೆಯ ವ್ಯಾಪಾರಿಗಳ ಸತ್ತುಹೋದ ವಿಳಾಸಗಳಿಗೆ ಬೌನ್ಸ್ ಹೆಚ್ಚಾಗಿ, ಮಾಲೀಕರು ಬ್ಯಾಂಕಿಗೆ ಬರೆದ ಪತ್ರವೂ ಸ್ಪ್ಯಾಮ್ ಸೇರುವ ಸ್ಥಿತಿ ಬಂದಿತ್ತು. ಎಸ್‌ಇಎಸ್‌ನಲ್ಲಿ ಬೌನ್ಸ್ ಪ್ರಮಾಣ ಶೇ. 5 ಮುಟ್ಟಿದರೆ ಖಾತೆ ಪರಿಶೀಲನೆಗೆ ಒಳಪಡುತ್ತದೆ, ಶೇ. 10 ಮುಟ್ಟಿದರೆ ಕಳುಹಿಸುವುದನ್ನೇ ನಿಲ್ಲಿಸಬಹುದು. ಉಪಡೊಮೇನ್ ಇದ್ದರೆ ಹಾನಿ ಅಲ್ಲಿಗೇ ಸೀಮಿತವಾಗುತ್ತದೆ. ಅದಕ್ಕೆ ತನ್ನದೇ ‘ಮೇಲ್ ಫ್ರಮ್’ ಡೊಮೇನ್ ಕೊಟ್ಟು, ಒಂದು ಎಂಎಕ್ಸ್ (ಮೇಲ್ ಪಡೆಯುವ ಸರ್ವರ್ ತೋರಿಸುವ ದಾಖಲೆ) ಮತ್ತು ಒಂದು ಎಸ್‌ಪಿಎಫ್ ದಾಖಲೆ ಹಾಕಿದರೆ ಲಕೋಟೆಯ ವಿಳಾಸವೂ ನಮ್ಮದೇ ಆಗುತ್ತದೆ.

ಟಿಳಕವಾಡಿ ಸರ್ವರ್

ನಿಮ್ಮ ವ್ಯವಹಾರಕ್ಕೆ ಅದು ಪೂರ್ತಿ ಒಪ್ಪುತ್ತದೆ, ಅಲ್ಲಿ ಒಂದೇ ಪತ್ರ ನೂರಾರು ಜನರಿಗೆ ಹೋಗುತ್ತದೆ. ಫೌಂಡ್ರಿಯ ಇನ್ವಾಯ್ಸ್ ಹಾಗಲ್ಲ, ಗ್ರಾಹಕರು ಅದಕ್ಕಾಗಿ ಕಾಯುತ್ತಿರುತ್ತಾರೆ, ವಿಳಾಸ ಹಳತಾದರೆ ಅವರೇ ಫೋನ್ ಮಾಡುತ್ತಾರೆ. ಉಪಡೊಮೇನ್ ಮಾಡಿದರೆ ಅದನ್ನು ವರ್ಕ್‌ಸ್ಪೇಸ್‌ಗೂ ಬೇರೆಯಾಗಿ ಸೇರಿಸಬೇಕು, ಮತ್ತು ಪುಣೆಯ ದೊಡ್ಡ ಕಂಪನಿಗಳ ಖರೀದಿ ವಿಭಾಗದಲ್ಲಿ ಈಗಾಗಲೇ ನೋಂದಾಯಿಸಿದ ವಿಳಾಸವನ್ನು ಬದಲಿಸಲು ಫಾರಂ ತುಂಬುತ್ತ ಓಡಾಡಬೇಕಾಗುತ್ತದೆ. ಆದರೆ ಒಂದು ಗೆರೆ ಎಳೆಯೋಣ: ಮುಂದೆ ಎಂದಾದರೂ ದೀಪಾವಳಿಯ ಶುಭಾಶಯ, ಹೊಸ ಉತ್ಪನ್ನದ ಪ್ರಚಾರ ಇಂಥವನ್ನು ಇಆರ್‌ಪಿಯಿಂದ ಕಳುಹಿಸುವ ಯೋಚನೆ ಬಂದರೆ, ಆ ದಿನ ತಿಕೋಟಾದವರ ಮಾತಿನಂತೆ ಉಪಡೊಮೇನ್ ಮಾಡಿಯೇ ಕಳುಹಿಸಿ. ಇನ್ವಾಯ್ಸ್ ಹೋಗುವ ದಾರಿಯಲ್ಲಿ ಪ್ರಚಾರ ನುಗ್ಗಬಾರದು.

ಉದ್ಯಮಬಾಗ ಲೆಕ್ಕವಿಭಾಗ

ರಿಲೇ ಸೇವೆಯನ್ನೇ ಆರಿಸಿಕೊಂಡೆವು. ಎಸ್‌ಪಿಎಫ್ ಒಂದೇ ಸಾಲಿಗೆ ತಂದಾಯಿತು. ಖರೀದಿ ವಿಭಾಗದವರ ಬಗ್ಗೆ ತಾವು ಊಹಿಸಿದ್ದು ಸರಿಯಾಗಿಯೇ ಇತ್ತು, ಆ ಚೌಕ ಗುರುತು ಮಾಡಿದ್ದೇವೆ. ಡಿಕಿಮ್ ಮಾತ್ರ ಹಠ ಹಿಡಿದಿದೆ. ಡೊಮೇನ್ ಫಲಕದಲ್ಲಿ ಕೀಲಿಯ ಟಿಎಕ್ಸ್‌ಟಿ (ಪಠ್ಯ) ದಾಖಲೆ ಹಾಕಿ ಉಳಿಸಿದ್ದೇನೆ, ಅಲ್ಲಿ ಕಣ್ಣಿಗೆ ಕಾಣುತ್ತಿದೆ, ಆದರೂ ಗೂಗಲ್ ಫಲಕ ದಾಖಲೆ ಸಿಗಲಿಲ್ಲ ಎನ್ನುತ್ತದೆ. ಒಂದು ರಾತ್ರಿ ಕಳೆದರೂ ಅದೇ ಉತ್ತರ.

ಟಿಳಕವಾಡಿ ಸರ್ವರ್

ಹೆಸರಿನ ಜಾಗದಲ್ಲಿ ಏನು ಬರೆದಿದ್ದೀರಿ? ಗೂಗಲ್ ಕೊಟ್ಟ ಸೆಲೆಕ್ಟರ್ (ಕೀಲಿಯ ಹೆಸರು), ಆಮೇಲೆ ಅಂಡರ್‌ಸ್ಕೋರ್ ಡೊಮೇನ್‌ಕೀ, ಅದರ ಮುಂದೆ ನಿಮ್ಮ ಪೂರ್ಣ ಡೊಮೇನ್ ಹೆಸರನ್ನೂ ಬರೆದಿದ್ದರೆ, ಬಹಳಷ್ಟು ಫಲಕಗಳು ತಾವೇ ಇನ್ನೊಮ್ಮೆ ಡೊಮೇನ್ ಹೆಸರನ್ನು ಕೊನೆಗೆ ಅಂಟಿಸುತ್ತವೆ. ಆಗ ದಾಖಲೆ ಹೆಸರಿನ ಬಾಲದಲ್ಲಿ ಡೊಮೇನ್ ಎರಡು ಬಾರಿ ಇರುವ ಜಾಗದಲ್ಲಿ ಹುಟ್ಟಿರುತ್ತದೆ, ಅಲ್ಲಿ ಯಾರೂ ಹುಡುಕುವುದಿಲ್ಲ. ಡೊಮೇನ್‌ಕೀ ಎಂಬಲ್ಲಿಗೆ ನಿಲ್ಲಿಸಿ.

ಅದೂ ಸರಿಯಿದ್ದರೆ ಮೌಲ್ಯದ ಜಾಗ ನೋಡಿ. 2048 ಬಿಟ್‌ನ ಕೀಲಿ 255 ಅಕ್ಷರಗಳನ್ನು ಮೀರುತ್ತದೆ, ಟಿಎಕ್ಸ್‌ಟಿ ದಾಖಲೆಯ ಒಂದು ತುಂಡಿನಲ್ಲಿ ಹಿಡಿಯುವುದು ಅಷ್ಟೇ. ಒಳ್ಳೆಯ ಫಲಕಗಳು ತಾವೇ ತುಂಡು ಮಾಡಿಕೊಳ್ಳುತ್ತವೆ, ಕೆಲವು ಸದ್ದಿಲ್ಲದೆ ಬಾಲವನ್ನು ಕತ್ತರಿಸಿಬಿಡುತ್ತವೆ. ಉಳಿಸಿದ ಮೇಲೆ ಮತ್ತೆ ತೆರೆದು ಕೊನೆಯ ಕೆಲವು ಅಕ್ಷರಗಳನ್ನು ಗೂಗಲ್ ಕೊಟ್ಟದ್ದರ ಜೊತೆ ಹೋಲಿಸಿ. ಕತ್ತರಿಸಿದ್ದರೆ ಎರಡು ತುಂಡು ಮಾಡಿ, ಒಂದೊಂದು ತುಂಡನ್ನೂ ಬೇರೆ ಬೇರೆ ಉದ್ಧರಣ ಚಿಹ್ನೆಗಳೊಳಗೆ ಕೊಡಬೇಕು.

ಉದ್ಯಮಬಾಗ ಲೆಕ್ಕವಿಭಾಗ

ಡೊಮೇನ್ ಎರಡು ಬಾರಿ ಬಂದಿತ್ತು ಸರ್. ಸರಿಪಡಿಸಿ ಸ್ವಲ್ಪ ಹೊತ್ತಿನಲ್ಲೇ ಗೂಗಲ್ ಒಪ್ಪಿಕೊಂಡಿತು. ಈಗ ಕೊಲ್ಹಾಪುರದವರಿಗೆ ಹೋದ ಮೇಲ್‌ನ ಹೆಡರ್‌ನಲ್ಲಿ ಎಸ್‌ಪಿಎಫ್, ಡಿಕಿಮ್ ಎರಡೂ ಪಾಸ್ ಎಂದಿವೆ, ಡಿಕಿಮ್ ಪಕ್ಕದಲ್ಲಿ ನಮ್ಮದೇ ಡೊಮೇನ್ ಹೆಸರಿದೆ. ತಮಗೆ ಮನಃಪೂರ್ವಕ ಧನ್ಯವಾದಗಳು.

ಇಂದು ಬೆಳಿಗ್ಗೆ ಮಾತ್ರ ಬೇರೆ ತೊಂದರೆ. ರಾತ್ರಿ ಕರೆಂಟ್ ಬಹಳ ಹೊತ್ತು ಹೋಗಿ ಯುಪಿಎಸ್ ಕೂಡ ಬರಿದಾಗಿ ಯಂತ್ರ ಆರಿತ್ತು. ಮರಳಿ ಹಚ್ಚಿದ ಮೇಲೆ ಇಆರ್‌ಪಿ ತೆರೆಯುತ್ತದೆ, ಆದರೆ ಮೇಲ್‌ಗಳು ‘ನಾಟ್ ಸೆಂಟ್’ ಎಂದೇ ಸರದಿಯಲ್ಲಿ ಕುಳಿತಿವೆ. ಕೈಯಿಂದ ಒಂದನ್ನು ಕಳುಹಿಸಲು ಹೋದರೆ ಪ್ರಮಾಣಪತ್ರ ಇನ್ನೂ ಜಾರಿಗೆ ಬಂದಿಲ್ಲ ಎಂಬ ಅರ್ಥದ ದೋಷ ತೋರಿಸುತ್ತದೆ.

ರಬಕವಿ ಮಗ್ಗ

ಮೇಡಂ, ಯಂತ್ರದ ಗಡಿಯಾರ ನೋಡಿ. ಮದರ್‌ಬೋರ್ಡ್ ಮೇಲಿನ ಚಿಕ್ಕ ಬಟನ್ ಸೆಲ್ ಸತ್ತಿದ್ದರೆ ಕರೆಂಟ್ ಪೂರ್ತಿ ಹೋದಾಗ ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಹೋಗಿಬಿಡುತ್ತದೆ. ಆ ಹಳೆಯ ದಿನಾಂಕದ ಲೆಕ್ಕದಲ್ಲಿ ಸರ್ವರ್‌ನ ಟಿಎಲ್‌ಎಸ್ ಪ್ರಮಾಣಪತ್ರ ಇನ್ನೂ ಹುಟ್ಟಿಯೇ ಇರುವುದಿಲ್ಲ. ಸೆಲ್ ಬದಲಿಸಿ, ಇಂಟರ್ನೆಟ್‌ನಿಂದ ಸಮಯ ತರುವ ಎನ್‌ಟಿಪಿ ಮೂಲಕ ಗಡಿಯಾರ ಹೊಂದಿಸಿ. ‘ನಾಟ್ ಸೆಂಟ್’ ಎಂದು ಕುಳಿತಿರುವುದಕ್ಕೆ ಕಾರಣ ಷೆಡ್ಯೂಲರ್ ಮತ್ತು ಹಿನ್ನೆಲೆಯ ಕೆಲಸಗಾರ ಪ್ರಕ್ರಿಯೆಗಳು ಏಳದೇ ಇರುವುದೂ ಆಗಿರಬಹುದು. ಸರದಿಯನ್ನು ಖಾಲಿ ಮಾಡುವುದು ಅವೇ, ತಂತ್ರಾಂಶದ ಪರದೆ ತೆರೆದುಕೊಂಡ ಮಾತ್ರಕ್ಕೆ ಅವು ಓಡುತ್ತಿವೆ ಎಂದಲ್ಲ. ಯಂತ್ರ ಏಳುವಾಗ ಅವೂ ತಾವಾಗಿ ಏಳುವಂತೆ ಮಾಡಿಸಿ.

ನಾವು ರಬಕವಿಯಲ್ಲಿ ಓಡೂ ಎಂಬ ಇನ್ನೊಂದು ಇಆರ್‌ಪಿ ಬಳಸುತ್ತೇವೆ, ಅಲ್ಲಿಯೂ ವಿಷಯ ಹೆಚ್ಚುಕಡಿಮೆ ಇದೇ. ಹೊರಹೋಗುವ ಮೇಲ್ ಸರ್ವರ್‌ನ ದಾಖಲೆಯಲ್ಲಿ ‘ಫ್ರಮ್ ಫಿಲ್ಟರಿಂಗ್’ ಎಂಬ ಜಾಗವಿದೆ, ಅದರಲ್ಲಿ ನಮ್ಮ ಡೊಮೇನ್ ಹೆಸರು ತುಂಬಿದರೆ ಆ ಡೊಮೇನ್‌ನ ವಿಳಾಸಗಳಿಗೆ ಮಾತ್ರ ಆ ಸರ್ವರ್ ಬಳಕೆಯಾಗುತ್ತದೆ.

ಯಾರೂ ಹೇಳದೆ ಉಳಿದ ಒಂದು ಮಾತು ಇದೆ, ಅದನ್ನು ಒತ್ತಿ ಹೇಳುತ್ತೇನೆ. ಬ್ಯಾಕಪ್ ತೆಗೆದುಕೊಂಡು ಪರೀಕ್ಷೆಗಾಗಿ ಇನ್ನೊಂದು ಯಂತ್ರದಲ್ಲಿ ತೆರೆದಾಗ, ಆ ನಕಲಿನಲ್ಲಿಯೂ ನಿಜವಾದ ಸರ್ವರ್, ನಿಜವಾದ ಪಾಸ್‌ವರ್ಡ್, ನಿಜವಾದ ಗ್ರಾಹಕರ ವಿಳಾಸಗಳೇ ಇರುತ್ತವೆ. ಷೆಡ್ಯೂಲರ್ ಎದ್ದ ಕೂಡಲೇ ಅದು ಹಳೆಯ ಬಾಕಿಯ ನೆನಪೋಲೆಗಳನ್ನು ಗ್ರಾಹಕರಿಗೆ ಮತ್ತೆ ಕಳುಹಿಸತೊಡಗುತ್ತದೆ. ಹಣ ಕೊಟ್ಟು ತೀರಿಸಿದವರಿಗೆ ಬಾಕಿ ಕೇಳುವ ಪತ್ರ ಹೋಗುವುದಕ್ಕಿಂತ ಮುಜುಗರ ವ್ಯಾಪಾರದಲ್ಲಿ ಬೇರೆ ಇಲ್ಲ. ಇಆರ್‌ಪಿನೆಕ್ಸ್ಟ್‌ನ ಸೈಟ್ ಕಾನ್ಫಿಗ್ ಕಡತದಲ್ಲಿ ‘ಮ್ಯೂಟ್ ಇಮೇಲ್ಸ್’ ಎಂಬುದನ್ನು 1 ಮಾಡಿದ ಮೇಲೆಯೇ ನಕಲನ್ನು ಎಬ್ಬಿಸಿ. ಓಡೂ 16ರಿಂದ ಇದಕ್ಕಾಗಿಯೇ ‘ನ್ಯೂಟ್ರಲೈಸ್’ ಎಂಬ ಆಜ್ಞೆ ಇದೆ. ಇಆರ್‌ಪಿನೆಕ್ಸ್ಟ್‌ನ ಆ ಸೈಟ್ ಕಾನ್ಫಿಗ್ ಕಡತದಲ್ಲೇ ಗೂಢಲಿಪಿಯ ಕೀಲಿಯೂ ಇರುತ್ತದೆ, ಡೇಟಾಬೇಸ್ ಮಾತ್ರ ಉಳಿಸಿಕೊಂಡು ಆ ಕೀಲಿ ಕಳೆದುಕೊಂಡರೆ ಮೇಲ್ ಖಾತೆಯ ಪಾಸ್‌ವರ್ಡ್ ಬಿಡಿಸಲು ಬಾರದು.

ನವನಗರ ತೆರಿಗೆ ಸಲಹೆ

ಈ ಚರ್ಚೆ ಓದುತ್ತ ಹೋದಂತೆ ನಮ್ಮ ವೃತ್ತಿಗೆ ಸಂಬಂಧಿಸಿದ ಒಂದು ಅಂಶವನ್ನು ಸೇರಿಸಬೇಕೆನಿಸಿತು. 2023ರ ಆಗಸ್ಟ್ 1ರಿಂದ ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದ ಉದ್ದಿಮೆಗಳಿಗೆ ಇ-ಇನ್ವಾಯ್ಸ್ ಕಡ್ಡಾಯವಾಗಿದೆ. ಇ-ಇನ್ವಾಯ್ಸ್ ಪೋರ್ಟಲ್‌ನಲ್ಲಿ ಐಆರ್‌ಎನ್ (ಬಿಲ್ಲಿನ ನೋಂದಣಿ ಸಂಖ್ಯೆ) ಬಂತೆಂದರೆ ಗ್ರಾಹಕರಿಗೂ ಬಿಲ್ ಮುಟ್ಟಿತು ಎಂದು ಹಲವರು ತಿಳಿದಿದ್ದಾರೆ. ಗ್ರಾಹಕರ ಜಿಎಸ್‌ಟಿಆರ್-2ಬಿ ಎಂಬ ಖರೀದಿ ತೆರಿಗೆಯ ಪಟ್ಟಿಯಲ್ಲಿ ಅದು ಕಾಣುವುದು ಮುಂದಿನ ತಿಂಗಳ 14ರ ಹೊತ್ತಿಗೆ, ಅಷ್ಟರಲ್ಲಿ ಅವರ ಲೆಕ್ಕವಿಭಾಗ ಆ ತಿಂಗಳ ಪಾವತಿಗಳನ್ನು ಮುಗಿಸಿರಬಹುದು. ಕ್ಯೂಆರ್ ಸಂಕೇತವಿರುವ ಬಿಲ್ಲಿನ ಪ್ರತಿಯನ್ನು ಕಳುಹಿಸುವ ಹೊಣೆ ನಮ್ಮದೇ.

ಇನ್ನು ಬಂದಿಲ್ಲ ಎಂಬ ವಾದ ಬಂದಾಗ: ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 13ನೆಯ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ಪಡೆಯುವವರು ಇಂಥ ವಿಳಾಸಕ್ಕೇ ಕಳುಹಿಸಿ ಎಂದು ಗೊತ್ತುಪಡಿಸಿದ್ದಾಗ ದಾಖಲೆ ಆ ಗಣಕ ವ್ಯವಸ್ಥೆಯನ್ನು ಪ್ರವೇಶಿಸಿದ ಸಮಯವೇ ಅದು ಸ್ವೀಕೃತವಾದ ಸಮಯ. ಆದ್ದರಿಂದ ಪರ್ಚೇಸ್ ಆರ್ಡರ್‌ನಲ್ಲೇ ಬಿಲ್ ಕಳುಹಿಸಬೇಕಾದ ವಿಳಾಸವನ್ನು ಬರೆಸಿಕೊಳ್ಳಿ ಎಂದು ನಾನು ಕಕ್ಷಿದಾರರಿಗೆ ಹೇಳುತ್ತಿದ್ದೇನೆ. ಟಿಳಕವಾಡಿಯ ಸರ್, ಅವರ ಸರ್ವರ್ ಒಪ್ಪಿಕೊಂಡಿತು ಎಂಬುದಕ್ಕೆ ನಮ್ಮ ಕಡೆ ಯಾವ ದಾಖಲೆ ಸಿಗುತ್ತದೆ?

ಟಿಳಕವಾಡಿ ಸರ್ವರ್

ಬಹಳ ಮುಖ್ಯವಾದ ಪ್ರಶ್ನೆ ಮೇಡಂ. ಇಆರ್‌ಪಿಯ ‘ಸೆಂಟ್’ ಅದಕ್ಕೆ ಸಾಲದು, ಅದು ರಿಲೇವರೆಗಿನ ಮಾತು ಮಾತ್ರ. ವರ್ಕ್‌ಸ್ಪೇಸ್‌ನ ಆಡಳಿತ ಫಲಕದಲ್ಲಿ ‘ಇಮೇಲ್ ಲಾಗ್ ಸರ್ಚ್’ ಎಂಬುದಿದೆ. ಅಲ್ಲಿ ಮೆಸೇಜ್ ಐಡಿ ಕೊಟ್ಟು ಹುಡುಕಿದರೆ ಗ್ರಾಹಕರ ಸರ್ವರ್ ಯಾವ ಸಮಯಕ್ಕೆ ಸ್ವೀಕರಿಸಿತು ಎಂಬುದು ಸಿಗುತ್ತದೆ. ಎಸ್‌ಇಎಸ್ ಬಳಸುವವರು ‘ಡೆಲಿವರಿ’ ಸೂಚನೆಗಳನ್ನು ಮೊದಲೇ ಚಾಲೂ ಮಾಡಿಟ್ಟುಕೊಳ್ಳಬೇಕು, ಆಮೇಲೆ ಕೇಳಿದರೆ ಸಿಗದು. ಮೇಲ್ ತೆರೆದರೋ ಇಲ್ಲವೋ ಎಂದು ತೋರಿಸುವ ಅಗೋಚರ ಚಿತ್ರದ ಉಪಾಯವನ್ನು ನಾನು ನಂಬುವುದಿಲ್ಲ, ಚಿತ್ರ ತಡೆಯುವ ಸರ್ವರ್‌ಗಳೂ ತಾವೇ ಮೊದಲೇ ತೆರೆದು ನೋಡುವ ಸರ್ವರ್‌ಗಳೂ ಇವೆ.

ತಪಾಸಣಾ ವರದಿ ಮತ್ತು ನಕ್ಷೆಗಳನ್ನು ಲಗತ್ತಿಸುವವರು ಗಾತ್ರವನ್ನೂ ಗಮನಿಸಿ. ಲಗತ್ತು ಮೇಲ್‌ಗೆ ಸೇರುವಾಗ ಬೇಸ್64 ಎಂಬ ಅಕ್ಷರ ರೂಪಕ್ಕೆ ತಿರುಗಿ ಮೂರನೆಯ ಒಂದು ಭಾಗದಷ್ಟು ಹಿಗ್ಗುತ್ತದೆ, 18 ಎಂಬಿಯ ಕಡತ 24 ಎಂಬಿ ಆಗುತ್ತದೆ. ನಮ್ಮ ಕಡೆ ಹೋದರೂ ಗ್ರಾಹಕರ ಸರ್ವರ್‌ನ ಮಿತಿ ಚಿಕ್ಕದಿರಬಹುದು.

ಉದ್ಯಮಬಾಗ ಲೆಕ್ಕವಿಭಾಗ

ಗಡಿಯಾರವೇ ಕಾರಣವಾಗಿತ್ತು, ಸೆಲ್ ಬದಲಿಸಿದ್ದೇವೆ, ಸರದಿ ಖಾಲಿಯಾಗಿದೆ. ಪುಣೆಯ ಇಬ್ಬರು ಗ್ರಾಹಕರು ಇನ್ವಾಯ್ಸ್ ನೇರವಾಗಿ ಇನ್‌ಬಾಕ್ಸ್‌ಗೆ ಬಂತೆಂದು ಮರುತ್ತರ ಬರೆದಿದ್ದಾರೆ. ಉಳಿದದ್ದು ಡಿಮಾರ್ಕ್. ಒಮ್ಮೆಗೇ ‘ರಿಜೆಕ್ಟ್’ ಎಂದು ಹಾಕಬಹುದೇ? ಹಳೆಯ ಪೋಸ್ಟ್‌ಫಿಕ್ಸ್ ಅನ್ನು ಏನು ಮಾಡಲಿ?

ಟಿಳಕವಾಡಿ ಸರ್ವರ್

ಒಮ್ಮೆಗೇ ಬೇಡ. ಮೊದಲು ನೀತಿ ‘ನನ್’ (ಏನೂ ಮಾಡಬೇಡ) ಎಂದಿಟ್ಟು, ವರದಿಗಳು ಬರಲು ಒಂದು ವಿಳಾಸ ಕೊಡಿ. ಗೂಗಲ್, ಮೈಕ್ರೋಸಾಫ್ಟ್ ಮೊದಲಾದವರು ನಿಮ್ಮ ಡೊಮೇನ್ ಹೆಸರಲ್ಲಿ ಯಾವ ಯಾವ ಐಪಿಯಿಂದ ಎಷ್ಟು ಮೇಲ್ ಬಂತು, ಹೊಂದಿತೋ ಇಲ್ಲವೋ ಎಂದು ಎಕ್ಸ್‌ಎಂಎಲ್ ರೂಪದಲ್ಲಿ ಕಳುಹಿಸುತ್ತಾರೆ. ಆ ವರದಿಗಳಲ್ಲಿ ನೀವು ಮರೆತೇ ಹೋದ ಮೂಲಗಳು ಕಾಣಿಸಿಕೊಳ್ಳುತ್ತವೆ: ಜಾಲತಾಣದ ವಿಚಾರಣಾ ಫಾರಂ, ಹಾಜರಾತಿ ಯಂತ್ರದ ತಂತ್ರಾಂಶ, ಸ್ಕ್ಯಾನ್ ಮಾಡಿ ಮೇಲ್ ಮಾಡುವ ಪ್ರಿಂಟರ್. ಒಂದೊಂದನ್ನೂ ರಿಲೇ ಮೂಲಕ ತಿರುಗಿಸಿ. ಒಂದು ಪೂರ್ತಿ ತಿಂಗಳ ವರದಿಯಲ್ಲಿ, ಅಂದರೆ ತಿಂಗಳ ಕೊನೆಯ ಬಾಕಿ ಪತ್ರಗಳೂ ಸೇರಿದಂತೆ, ನಿಮ್ಮವೆಲ್ಲ ಪಾಸಾದದ್ದು ಕಂಡ ಮೇಲೆ ‘ಕ್ವಾರಂಟೈನ್’ಗೆ (ಹೊಂದದ್ದನ್ನು ಸ್ಪ್ಯಾಮ್‌ಗೆ ಹಾಕು) ಹೋಗಿ, ಆಮೇಲೆ ‘ರಿಜೆಕ್ಟ್’ಗೆ. ಬ್ಯಾಂಕ್ ಖಾತೆ ಬದಲಾಗಿದೆ ಎಂದು ನಿಮ್ಮದೇ ಡೊಮೇನ್ ಹೆಸರಲ್ಲಿ ಗ್ರಾಹಕರಿಗೆ ಖೋಟಾ ಇನ್ವಾಯ್ಸ್ ಕಳುಹಿಸುವವರನ್ನು ತಡೆಯುವುದು ಆ ಕೊನೆಯ ಹಂತ, ಆದ್ದರಿಂದ ‘ನನ್’ನಲ್ಲೇ ವರ್ಷಗಟ್ಟಲೆ ಕುಳಿತುಬಿಡಬೇಡಿ.

ಪೋಸ್ಟ್‌ಫಿಕ್ಸ್‌ನ ಸರದಿಯಲ್ಲಿ ಹಳೆಯ ಇನ್ವಾಯ್ಸ್‌ಗಳು ಉಳಿದಿವೆಯೇ ಎಂದು ಮೊದಲು ನೋಡಿ, ಉಳಿದಿದ್ದರೆ ಅವುಗಳ ಪಟ್ಟಿ ಬರೆದುಕೊಂಡು ಸರದಿಯನ್ನು ಅಳಿಸಿ, ಇಆರ್‌ಪಿಯಿಂದ ಹೊಸ ದಾರಿಯಲ್ಲಿ ಮತ್ತೆ ಕಳುಹಿಸಿ. ಆಮೇಲೆ ಆ ಸೇವೆಯನ್ನು ನಿಲ್ಲಿಸಿ, ಯಂತ್ರ ಏಳುವಾಗ ಅದು ಏಳದಂತೆ ಮಾಡಿ, ರೌಟರ್‌ನಲ್ಲಿ 25ನೆಯ ಪೋರ್ಟ್ ತೆರೆದಿದ್ದರೆ ಮುಚ್ಚಿಸಿ.